ಒಂದೊಂದೇ ಕಣ್ಣು ಮುಚ್ಚಿ ನೋಡಿ

ಕಣ್ಣು ಸರಿಯಾಗಿ ಕಾಣ್ತಿಲ್ಲ ಅಂತ ಮಕ್ಕಳು ತಾವಾಗಿ ಹೇಳುವುದು ತುಂಬ ಕಡಿಮೆ. ತಮಗೆ ಹೇಗೆ ಕಾಣುತ್ತದೋ ಎಲ್ಲರಿಗೂ ಹಾಗೇ ಕಾಣುತ್ತದೆ ಅಂದುಕೊಂಡಿರುತ್ತಾರೆ. ಅದರಲ್ಲೂ ಒಂದು ಕಣ್ಣು ಚೆನ್ನಾಗಿದ್ದು ಇನ್ನೊಂದು ಮಂದವಾಗಿದ್ದರೆ ಮನೆಯವರಿಗೂ ಸುಳಿವು ಸಿಗುವುದಿಲ್ಲ. ಮಗು ಓಡುತ್ತದೆ, ಚೆಂಡು ಹಿಡಿಯುತ್ತದೆ, ಕೆಳಗೆ ಬಿದ್ದ ಸೂಜಿಯನ್ನೂ ಹುಡುಕಿ ಕೊಡುತ್ತದೆ. ಎಲ್ಲ ಕೆಲಸವನ್ನೂ ಒಳ್ಳೆ ಕಣ್ಣೇ ಮಾಡಿಬಿಡುತ್ತದೆ.

ನನ್ನ ಮಗಳದ್ದೂ ಹೀಗೇ. ಐದು ವರ್ಷ ತುಂಬಿತಲ್ಲ, ಒಂದ್ಸಲ ಕಣ್ಣಿನ ಆಸ್ಪತ್ರೆಗೆ ತೋರಿಸಿಕೊಂಡು ಬರೋಣ ಅಂತ ಹೋಗಿದ್ದು. ದೂರು ಅಂತ ಏನೂ ಇರಲಿಲ್ಲ. ಎಡಗಣ್ಣು ಮುಚ್ಚಿದಾಗ ಬೋರ್ಡಿನ ಕೆಳಗಿನ ಸಾಲಿನವರೆಗೂ ಪಟಪಟ ಓದಿದಳು. ಬಲಗಣ್ಣು ಮುಚ್ಚಿದ ತಕ್ಷಣ ಕತ್ತು ವಾಲಿಸಿ, ಅಡ್ಡ ಹಿಡಿದಿದ್ದ ಪಟ್ಟಿಯ ಅಂಚಿನಿಂದ ಇಣುಕಿದಳು. ಪರೀಕ್ಷೆ ಮಾಡುತ್ತಿದ್ದವರು ಪಟ್ಟಿಯನ್ನು ಇನ್ನೊಂಚೂರು ಸರಿಸಿದರು. ಅವಳು ಇನ್ನೊಂಚೂರು ವಾಲಿದಳು. ನೋಡಿದವರಿಗೆ ತುಂಟಾಟ ಅನ್ನಿಸಬೇಕು. "ಆಟ ಅಲ್ಲ ಮೇಡಂ, ಆ ಕಣ್ಣಲ್ಲಿ ಕಾಣ್ತಿಲ್ಲ. ಅದಕ್ಕೇ ಇಣುಕ್ತಿದ್ದಾಳೆ" ಅಂದರು.

ಎಡಗಣ್ಣಿಗೆ ಪ್ಲಸ್ ಪವರ್ ಜಾಸ್ತಿ ಇತ್ತು. ಬಲಗಣ್ಣಿಗೆ ಹೆಚ್ಚುಕಡಿಮೆ ಏನೂ ಇಲ್ಲ. ಹೀಗಿದ್ದಾಗ ಮಸುಕಾಗಿ ಬರುವ ಚಿತ್ರವನ್ನು ಮಿದುಳು ಪಕ್ಕಕ್ಕಿಡುತ್ತಾ ಬರುತ್ತದೆ. ಇದೇ ಆಂಬ್ಲಿಯೋಪಿಯಾ. ಸೋಮಾರಿ ಕಣ್ಣು ಅಂತಲೂ ಹೇಳುತ್ತಾರೆ. ನೂರು ಮಕ್ಕಳಲ್ಲಿ ಸುಮಾರು 2–3 ಮಕ್ಕಳಿಗೆ ಇರುತ್ತದೆ. ಮೆಳ್ಳೆಗಣ್ಣಿನಿಂದಲೂ ಬರಬಹುದು, ಹುಟ್ಟುವಾಗಲೇ ಇರುವ ಪೊರೆಯಿಂದಲೂ ಬರಬಹುದು. ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣು ಮುಚ್ಚಿಟ್ಟು ನೋಡಿದ್ದರು. ಆಮೇಲೆ ಕಣ್ಣು ತೆರೆದರೂ ಮಿದುಳು ಅದಕ್ಕೆ ಸ್ಪಂದಿಸುತ್ತಲೇ ಇರಲಿಲ್ಲ. ದೊಡ್ಡ ಬೆಕ್ಕುಗಳಲ್ಲಿ ಹಾಗಾಗಲಿಲ್ಲ. ದೃಷ್ಟಿಯ ಬಗ್ಗೆ ಮಾಡಿದ ಕೆಲಸಕ್ಕೆ ಅವರಿಗೆ 1981ರಲ್ಲಿ ನೊಬೆಲ್ ಬಂತು. ಚಿಕ್ಕ ವಯಸ್ಸಿನಲ್ಲೇ ತೋರಿಸಿ ಅಂತ ಡಾಕ್ಟರುಗಳು ಅಷ್ಟು ಒತ್ತಿ ಹೇಳುವುದು ಇದಕ್ಕೇ. ಏಳು ವರ್ಷದೊಳಗೆ ಶುರು ಮಾಡಿದರೆ ಗುಣ ಚೆನ್ನಾಗಿ ಕಾಣುತ್ತದೆ. ಆಮೇಲೆ ಏನೂ ಆಗುವುದಿಲ್ಲ ಅಂತಲ್ಲ, ಆದರೆ ಕಷ್ಟ ಜಾಸ್ತಿ.

ಪವರ್ ನೋಡುವ ಮುಂಚೆ ಡ್ರಾಪ್ಸ್ ಹಾಕುತ್ತಾರೆ. ಮಗು ಅಳುತ್ತದೆ ಅಂತ ಬೇಡ ಅನ್ನಬೇಡಿ. ಮಕ್ಕಳ ಕಣ್ಣಿನೊಳಗಿನ ಸ್ನಾಯು ತುಂಬ ಚುರುಕು. ಅದನ್ನು ಸಡಿಲ ಮಾಡದಿದ್ದರೆ ಸರಿಯಾದ ಪವರ್ ಸಿಗುವುದಿಲ್ಲ. ಡ್ರಾಪ್ಸ್ ಹಾಕಿದ ಮೇಲೆ ಪಾಪೆ ದೊಡ್ಡದಾಗಿ ಬಿಸಿಲು ಚುಚ್ಚುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಒಂದು ಟೋಪಿ ತೆಗೆದುಕೊಂಡು ಹೋಗಿ. ಆ ದಿನ ಹೋಮ್‌ವರ್ಕಿಗೆ ರಜೆ ಕೊಟ್ಟುಬಿಡಿ.

ನಮಗೆ ಮೊದಲು ಕನ್ನಡಕ, ಆಮೇಲೆ ಪ್ಯಾಚ್. ಒಳ್ಳೆ ಕಣ್ಣಿಗೆ ಅಂಟಿಸಿ ಮಂದ ಕಣ್ಣಿಗೆ ಕೆಲಸ ಕೊಡಬೇಕು. ಪ್ಯಾಚ್ ಚರ್ಮಕ್ಕೆ, ಕನ್ನಡಕ ಅದರ ಮೇಲೆ. ಕನ್ನಡಕದ ಗಾಜಿಗೆ ಅಂಟಿಸಿದರೆ ಮಕ್ಕಳು ಪಕ್ಕದಿಂದ ನೋಡಿಬಿಡುತ್ತಾರೆ. ಎಷ್ಟು ಹೊತ್ತು ಅಂತ ಡಾಕ್ಟರೇ ಹೇಳಬೇಕು. ಮಧ್ಯಮ ಮಟ್ಟದ ತೊಂದರೆ ಇದ್ದ ಮಕ್ಕಳಲ್ಲಿ ದಿನಕ್ಕೆ 2 ಗಂಟೆಯ ಪ್ಯಾಚು 6 ಗಂಟೆಯಷ್ಟೇ ಫಲ ಕೊಟ್ಟಿತು ಅಂತ 2003ರ ಒಂದು ಅಧ್ಯಯನದಲ್ಲಿದೆ. ಓದಿ ಮನಸ್ಸು ಹಗುರಾಯಿತು. ಯಾಕೆಂದರೆ ಆ ಎರಡು ಗಂಟೆಯೇ ಸುಲಭವಲ್ಲ. ಮಣಿ ಪೋಣಿಸಲು ಕೊಟ್ಟರೆ ದಾರ ತೂತಿನ ಪಕ್ಕಕ್ಕೇ ಹೋಗುತ್ತಿತ್ತು. ಮತ್ತೆ, ಮತ್ತೆ. ಅವಳಿಗೆ ಸಿಟ್ಟು, ನನಗೆ ಸಂಕಟ. ದೊಡ್ಡ ಮಣಿಯಿಂದ ಶುರು ಮಾಡಿ, ಸಣ್ಣದಕ್ಕೆ ನಿಧಾನವಾಗಿ ಬಂದೆವು. ಪ್ಯಾಚ್ ತೆಗೆಯುವಾಗ ಎಳೆದು ಕೀಳಬೇಡಿ. ಉಗುರುಬೆಚ್ಚಗಿನ ನೀರಲ್ಲಿ ಅದ್ದಿದ ಬಟ್ಟೆಯನ್ನು ಅಂಚಿಗೆ ಒತ್ತಿ ಹಿಡಿದರೆ ತಾನಾಗೇ ಸಡಿಲವಾಗುತ್ತದೆ. ಈಗ ಅವಳು ಆ ಕಣ್ಣಲ್ಲಿ ಕೆಳಗಿನಿಂದ ಎರಡನೇ ಸಾಲು ಓದುತ್ತಾಳೆ. ಪರೀಕ್ಷೆಗೆ ಇನ್ನೂ ಕರೆದುಕೊಂಡು ಹೋಗುತ್ತಿದ್ದೇವೆ. ಪ್ಯಾಚ್ ಬಿಟ್ಟ ಮೇಲೆ ಕೆಲವರಿಗೆ ದೃಷ್ಟಿ ಮತ್ತೆ ಇಳಿಯುವುದುಂಟು.

ಅವತ್ತಿಂದ ಮನೆಯಲ್ಲಿ ಎಲ್ಲರ ಒಂದೊಂದೇ ಕಣ್ಣು ಮುಚ್ಚಿಸಿ ಕ್ಯಾಲೆಂಡರ್ ಓದಿಸುತ್ತೇನೆ. ಅಂಗೈ ಅಡ್ಡ ಹಿಡಿಯಬೇಕು, ಕಣ್ಣು ಒತ್ತಬಾರದು, ಬೆರಳ ಸಂದಿಯಲ್ಲಿ ನೋಡಬಾರದು. ಕನ್ನಡಕ ಇದ್ದವರು ಹಾಕಿಕೊಂಡೇ ನೋಡಬೇಕು. ಅಮ್ಮನ ಎಡಗಣ್ಣಿನ ಪೊರೆ ಸಿಕ್ಕಿದ್ದು ಹೀಗೆ. "ಟ್ಯೂಬ್‌ಲೈಟ್ ಹೊಗೆ ಹಿಂದೆ ಇದ್ದ ಹಾಗಿದೆ ಕಣೇ" ಅಂದರು. ಎರಡೂ ಕಣ್ಣು ಬಿಟ್ಟಾಗ ಅವರಿಗೆ ಒಂದು ದಿನವೂ ಹಾಗನ್ನಿಸಿರಲಿಲ್ಲ. ಆಪರೇಷನ್ ಆಗಿ ಲೆನ್ಸ್ ಹಾಕಿದ್ದಾರೆ, ಆರಾಮಾಗಿದ್ದಾರೆ.

ಕೆಲವಕ್ಕೆ ಇಷ್ಟೂ ಕಾಯಬಾರದು. ಫ್ಲ್ಯಾಶ್ ಹಾಕಿ ತೆಗೆದ ಫೋಟೋದಲ್ಲಿ ಮಗುವಿನ ಪಾಪೆ ಬೆಳ್ಳಗೆ ಹೊಳೆದರೆ ಬೇಗ ತೋರಿಸಿ, ಅಪರೂಪಕ್ಕೆ ಅದು ಕ್ಯಾನ್ಸರ್ ಆಗಿರುತ್ತದೆ. ದೊಡ್ಡವರಿಗೆ ಇದ್ದಕ್ಕಿದ್ದಂತೆ ಮಿಂಚು ಹೊಡೆದಂತಾದರೆ, ಕಪ್ಪು ಚುಕ್ಕೆಗಳು ಜಾಸ್ತಿಯಾದರೆ, ಇಲ್ಲವೇ ಪಕ್ಕದಿಂದ ಪರದೆ ಇಳಿದಂತೆ ಕಂಡರೆ ಅದೇ ದಿನ ಹೋಗಬೇಕು.

ಕಣ್ಣು ಮುಚ್ಚಿ ನೋಡುವ ಈ ಪರೀಕ್ಷೆಗೆ ಗ್ಲಾಕೋಮಾ, ಅಂದರೆ ಕಣ್ಣಿನ ನರ ಹಾಳಾಗುತ್ತಾ ಬರುವ ಕಾಯಿಲೆ, ಸಿಗುವುದಿಲ್ಲ, ಇದನ್ನು ಹೇಳಲೇಬೇಕು. ಅದು ಸುತ್ತಲಿನ ದೃಷ್ಟಿಯನ್ನು ಮೊದಲು ತಿನ್ನುತ್ತದೆ. ನಡುವಿನದು ಉಳಿದಿರುವುದರಿಂದ ಬೋರ್ಡಿನ ಕೊನೆ ಸಾಲೂ ಓದಬಹುದು. ಹೆಚ್ಚಿನವರಿಗೆ ನೋವೂ ಇರುವುದಿಲ್ಲ. ಹೋದ ದೃಷ್ಟಿ ವಾಪಸ್ ಬರುವುದಿಲ್ಲ, ಇರುವುದನ್ನು ಡ್ರಾಪ್ಸ್‌ನಿಂದ ಉಳಿಸಿಕೊಳ್ಳಬಹುದು. ನಮ್ಮ ಸೋದರಮಾವನಿಗಿದೆ. ಒಡಹುಟ್ಟಿದವರಿಗೆ ಬರುವ ಸಾಧ್ಯತೆ ಜಾಸ್ತಿ ಇರುವುದರಿಂದ ಪೊರೆ ತೋರಿಸಲು ಹೋದಾಗಲೇ ಅಮ್ಮನಿಗೆ ಅದನ್ನೂ ನೋಡಿಸಿದೆವು. ನಿಮ್ಮ ಮನೆಯಲ್ಲೂ ಯಾರಿಗಾದರೂ ಇದ್ದರೆ ಕಣ್ಣಿನ ಪ್ರೆಷರ್ ಅಳೆಸಿ ಸುಮ್ನೆ ಬರಬೇಡಿ, ಕಣ್ಣಿನ ಹಿಂದಿನ ನರವನ್ನೂ ನೋಡಿ ಅಂತ ಕೇಳಿ. ಪ್ರೆಷರ್ ನಾರ್ಮಲ್ ಇದ್ದವರಿಗೂ ಗ್ಲಾಕೋಮಾ ಬರುತ್ತದೆ.