ಬಲೆ ಕತ್ತರಿಸಿ ಬಿಟ್ಟವನಿಗೆ ಪರಿಹಾರ

ಸಮುದ್ರದಡಿಯ ಡೇಟಾ ಕೇಬಲ್‌ಗಳಲ್ಲಿ ಹಲವು ಮುಂಬಯಿಯ ವರ್ಸೋವಾದಲ್ಲಿ ದಡ ಸೇರುತ್ತವೆ ಎಂಬುದು, ಪಕ್ಕದ ಅಂಧೇರಿಯಲ್ಲಿ ನೆಲೆಸಿರುವ ನಮ್ಮ ಕನ್ನಡಿಗರಲ್ಲಿ ಎಷ್ಟೋ ಮಂದಿಗೆ ತಿಳಿದಿಲ್ಲ. ಕಡಲ ತಳಕ್ಕೆ ಕಂಬ ನೆಟ್ಟು ಡೋಲ್ ಬಲೆ ಕಟ್ಟುವ ಕೋಳಿ ಸಮುದಾಯದ ಮೀನುಗಾರರ ನೆಲೆಯೂ ಅದೇ ವರ್ಸೋವಾ.

ಕೇಬಲ್ ತುಂಡಾಯಿತೆಂದರೆ ಸುದ್ದಿವಾಹಿನಿಗಳು ಮೊದಲು ವಿಧ್ವಂಸಕರನ್ನು ಹುಡುಕುತ್ತವೆ. ಆದರೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 150ರಿಂದ 200ರಷ್ಟು ಸಂಭವಿಸುವ ಇಂಥ ಹಾನಿಗಳಲ್ಲಿ ನೂರಕ್ಕೆ 70-80ರಷ್ಟಕ್ಕೆ ಮೀನುಗಾರಿಕೆ ಮತ್ತು ಹಡಗಿನ ಲಂಗರುಗಳೇ ಕಾರಣ. 2008ರಲ್ಲಿ ದುಬೈ ಸಮೀಪ ಫಾಲ್ಕನ್ ಕೇಬಲ್ ತುಂಡಾದ ಜಾಗದಲ್ಲಿ ಸಿಕ್ಕಿದ್ದು ಯಾರೋ ಬಿಟ್ಟುಹೋದ, ಹಲವು ಟನ್ ತೂಕದ ಲಂಗರು.

ಆಳ ಸಮುದ್ರದಲ್ಲಿ ತೋಟದ ನೀರಿನ ಪೈಪಿನಷ್ಟೇ ದಪ್ಪವಿರುವ ಕೇಬಲ್‌ಗೆ, ಬಲೆ ಮತ್ತು ಲಂಗರು ತಲುಪುವ ಕಡಿಮೆ ಆಳದಲ್ಲಿ ಉಕ್ಕಿನ ತಂತಿಯ ಕವಚ ತೊಡಿಸಿ, ಸಾಧ್ಯವಾದಲ್ಲೆಲ್ಲ ತಳದ ಮಣ್ಣಿನಲ್ಲಿ ಒಂದು ಮೀಟರಿನಷ್ಟು ಆಳಕ್ಕೆ ಹೂಳುತ್ತಾರೆ. ಮುಂಬಯಿಯ ತೊಡಕೆಂದರೆ, ಇಲ್ಲಿ ದಡದಿಂದ 200 ಕಿಲೋಮೀಟರಿಗೂ ಮಿಕ್ಕಿ ಸಮುದ್ರ ಆಳವಾಗುವುದೇ ಇಲ್ಲ; ಅಷ್ಟುದ್ದಕ್ಕೂ ಕೇಬಲ್ ಟ್ರಾಲ್ ಬೋಟುಗಳ ಹಾದಿಯಲ್ಲೇ ಮಲಗಿರುತ್ತದೆ. ಒಂದು ಡೇಟಾ ಕೇಬಲ್ ಕೆಟ್ಟರೆ ಇಂಟರ್ನೆಟ್ ಇನ್ನೊಂದು ದಾರಿಯಿಂದ ನಿಧಾನವಾಗಿಯಾದರೂ ಬಂದೀತು. 2018ರಲ್ಲಿ ಸುಮಾರು 7.5 ಕಿಲೋಮೀಟರ್ ಉದ್ದದ ಕೇಬಲ್ ಮೂಲಕ ಘಾರಾಪುರಿ (ಎಲಿಫೆಂಟಾ) ದ್ವೀಪಕ್ಕೆ ತಲುಪಿದ ವಿದ್ಯುತ್ತಿಗೆ ಅಂಥ ಸುತ್ತುದಾರಿಯಿಲ್ಲ.

ಆದುದರಿಂದ ಉಕ್ಕಿನ ಕವಚಕ್ಕಿಂತ ಮೀನುಗಾರನ ಸಹಕಾರವೇ ದೊಡ್ಡ ರಕ್ಷಣೆ ಎಂದು ನಾನು ಭಾವಿಸುತ್ತೇನೆ. ಇದು ಹೊಸ ವಿಚಾರವೇನೂ ಅಲ್ಲ. ಟೆಲಿಗ್ರಾಫ್ ಕಾಲದ 1884ರ ಪ್ಯಾರಿಸ್ ಒಪ್ಪಂದದ 7ನೆಯ ವಿಧಿಯ ಪ್ರಕಾರ, ಕೇಬಲ್‌ಗೆ ಸಿಕ್ಕಿಕೊಂಡ ಬಲೆಯನ್ನೋ ಲಂಗರನ್ನೋ, ಕೇಬಲ್ ಉಳಿಸಲೆಂದು ಕೈಬಿಟ್ಟವನಿಗೆ ಕೇಬಲ್‌ನ ಒಡೆಯನೇ ನಷ್ಟ ತುಂಬಿಕೊಡಬೇಕು. ಬಂದರು ತಲುಪಿದ 24 ಗಂಟೆಗಳೊಳಗೆ ಅಧಿಕಾರಿಗಳಿಗೆ ಹೇಳಿಕೆ ಕೊಡಬೇಕು. 1982ರ ಸಮುದ್ರ ಕಾನೂನು ಒಪ್ಪಂದದಲ್ಲೂ, ಮುನ್ನೆಚ್ಚರಿಕೆ ವಹಿಸಿರಬೇಕೆಂಬ ಷರತ್ತಿನೊಂದಿಗೆ, ಈ ಪರಿಹಾರದ ತತ್ವ ಉಳಿದಿದೆ. ಸಾಲ ಮಾಡಿ ಬಲೆ ಕೊಂಡ ತಾಂಡೇಲನಿಗೆ (ಬೋಟು ನಡೆಸುವವನಿಗೆ) ಈ ಹಕ್ಕಿನ ಅರಿವಿಲ್ಲದಿದ್ದರೆ, ಆತ ಸಿಕ್ಕಿಕೊಂಡ ಬಲೆಯನ್ನು ಎಂಜಿನ್ನಿನ ಬಲದಿಂದ ಎಳೆದೇ ಎಳೆಯುತ್ತಾನೆ, ಮತ್ತು ಅದಕ್ಕಾಗಿ ಅವನನ್ನು ದೂರಲು ನನಗೆ ಮನಸ್ಸಿಲ್ಲ. ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವ ಜೂನ್-ಜುಲೈನಲ್ಲಿ ಬೋಟುಗಳು ದಡದಲ್ಲಿರುವಾಗಲೇ, ಅವುಗಳ ಜಿಪಿಎಸ್‌ಗೆ ಕೇಬಲ್‌ನ ದಾರಿಯನ್ನು ತುಂಬಿಕೊಟ್ಟು, ಪರಿಹಾರದ ಅರ್ಜಿಯನ್ನು ಮರಾಠಿಯಲ್ಲೂ, ಮಲ್ಪೆ-ಮಂಗಳೂರಿನ ಬೋಟುಗಳಿಗೆ ಕನ್ನಡದಲ್ಲೂ ಹಂಚುವ ಕೆಲಸ ಕೇಬಲ್ ಕಂಪನಿಗಳ ಖರ್ಚಿನಲ್ಲೇ ಆಗಬೇಕು.