ಮಳೆ ಲೆಕ್ಕದ ಬ್ಲಾಗಿಗೆ ಹದಿನೆಂಟನೇ ವರ್ಷ, ನಡುವೆ ಐದು ವರ್ಷ ಕಾಣೆ

ಫೆಬ್ರವರಿ 16, 2025

ರೊಬಸ್ಟಾ ಕಾಫಿ ಗಿಡಕ್ಕೆ ಈ ವಾರವೇ ಸ್ಪ್ರಿಂಕ್ಲರ್ ಹಾಕೋದೋ, ಇನ್ನೊಂದು ಹತ್ತು ದಿನ ಮಳೆಗೆ ಕಾಯೋದೋ ಅಂತ ರಾತ್ರಿ ಊಟದ ಹೊತ್ತಿಗೆ ಮಾತು ಬಂತು. ಕೆರೆಯಲ್ಲಿರೋದು ಒಂದು ಸುತ್ತಿನ ನೀರು. ನೀರು ಕೊಟ್ಟು ಹೂ ಬಿಡಿಸಿದರೆ ಕೆಲಸ ಮುಗಿಯಲಿಲ್ಲ, ಹದಿನೈದು ಇಪ್ಪತ್ತು ದಿನಕ್ಕೆ ಬ್ಯಾಕಿಂಗ್, ಅಂದರೆ ಎರಡನೇ ಸಲದ ನೀರು, ಆಗಬೇಕು. ಅದಕ್ಕೆ ಆಕಾಶವೇ ಗತಿ. "ಹಿಂದಿನ ವರ್ಷಗಳಲ್ಲಿ ಹೂಮಳೆ ಯಾವಾಗ ಬಂದಿತ್ತು, ನಿನ್ನ ಬ್ಲಾಗಲ್ಲಿ ನೋಡು" ಅಂದರು ಇವರು.

ನೋಡಿದೆ. 2008ರಿಂದ 2013ರವರೆಗೆ ಇದೆ. 2019ರಿಂದ ಈಚೆಗೂ ಇದೆ. ನಡುವಿನ ಐದು ವರ್ಷಕ್ಕೆ ಸೇರಿ ಇರೋದು ಏಳೇ ಬರಹ. ಅದರಲ್ಲಿ ಒಂದು ಯುಗಾದಿ ಶುಭಾಶಯ, ಎರಡು "ತುಂಬಾ ದಿನದಿಂದ ಬರೆಯಲಾಗಲಿಲ್ಲ, ಕ್ಷಮಿಸಿ".

ಹಾಗಂತ ಆ ಐದು ವರ್ಷ ನಾನು ಮಳೆ ಅಳೆಯದೆ ಕೂತಿರಲಿಲ್ಲ. ಬೆಳಿಗ್ಗೆ ಎಂಟೂವರೆಗೆ ಅಂಗಳದ ರೇನ್‌ಗೇಜಿನ ಡಬ್ಬಿ ತೆಗೆದು, ಗಾಜಿನ ಅಳತೆ ಪಾತ್ರೆಗೆ ಸುರಿದು ನೋಡೋದು ನನಗೆ ಹಲ್ಲುಜ್ಜಿದ ಹಾಗೆ. ಹವಾಮಾನ ಇಲಾಖೆಯ ದಿನದ ಲೆಕ್ಕವೂ ಎಂಟೂವರೆಯಿಂದ ಎಂಟೂವರೆಗೇ. ಮಾವನವರು ಹಾಗೆ ಕಲಿಸಿದ್ದರು. ಅಳೆದೆ, ಬರೆದೆ. ಬರೆದದ್ದು ಮಾತ್ರ ಬ್ಲಾಗಿನಲ್ಲಲ್ಲ.

ಆ ಐದು ವರ್ಷವನ್ನ ಎಲ್ಲಿಂದಾದರೂ ಹುಡುಕಿ ತಂದು ತುಂಬಿಸಬೇಕು. ಈ ವರ್ಷದ ಕೆಲಸ ಅದು. ಮಾಡಿದ್ದಷ್ಟನ್ನು ಇಲ್ಲಿ ಬರೆದಿಡುತ್ತೇನೆ.

ಫೆಬ್ರವರಿ 23

ಮೊದಲು ಇರೋದನ್ನ ಉಳಿಸಿಕೊಳ್ಳೋಣ ಅಂತ ಪೂರ್ತಿ ಬ್ಲಾಗನ್ನು ಇಳಿಸಿಕೊಂಡೆ. ನನ್ನ ಬ್ಲಾಗ್ ಇರೋ ಬ್ಲಾಗರ್ ತಾಣದ ಸೆಟ್ಟಿಂಗ್ಸ್‌ನಲ್ಲಿ ಬ್ಯಾಕಪ್ ಒತ್ತಿದೆ, ಎಲ್ಲ ಬರಹಗಳೂ ಒಂದೇ ಫೈಲಾಗಿ ಬಂದವು. ಹದಿನೇಳು ವರ್ಷದ ಬರವಣಿಗೆ ಒಂದು ರೀಲ್ಸ್ ವಿಡಿಯೋಗಿಂತ ಸಣ್ಣ ಫೈಲು! ಚಿತ್ರಗಳು ಅದರಲ್ಲಿ ಬರಲಿಲ್ಲ, ಕೊಂಡಿ ಮಾತ್ರ ಬಂತು. ಶುರುವಿನ ವರ್ಷಗಳಲ್ಲಿ ನಾನು ಫೋಟೋ ಹಾಕಿದ್ದು ಯಾವುದೋ ಪುಕ್ಕಟೆ ತಾಣದಲ್ಲಿ. ಅದು ಮುಚ್ಚಿ ಎಷ್ಟೋ ಕಾಲವಾಯಿತು. ಈಗ ಆ ಜಾಗದಲ್ಲೆಲ್ಲ ಹರಿದ ಚಿತ್ರದ ಗುರುತು.

ಇಂಥ ಸಾವುಗಳನ್ನ ಲೆಕ್ಕ ಹಾಕುತ್ತಾ ಹೋದರೆ ನನ್ನ ಬ್ಲಾಗಿನ ಚರಿತ್ರೆಯೇ ಸಿಗುತ್ತೆ. ಶುರುವಿನಲ್ಲಿ ಓದುಗರು ಬರುತ್ತಿದ್ದದ್ದು ಫೇಸ್‌ಬುಕ್‌ಗೂ ಮುಂಚಿನ ಸಾಮಾಜಿಕ ತಾಣ ಆರ್ಕುಟ್‌ನಿಂದ, ಸಂಪದ, ಕೆಂಡಸಂಪಿಗೆ, ಅವಧಿ ಅನ್ನೋ ಕನ್ನಡ ಜಾಲತಾಣಗಳನ್ನ ಓದೋ ಬಳಗದಿಂದ. ಒಬ್ಬರ ಬ್ಲಾಗಿನ ಬದಿಯಲ್ಲಿ ಇನ್ನೊಬ್ಬರ ಬ್ಲಾಗಿನ ಪಟ್ಟಿ ಇರುತ್ತಿತ್ತು, ಮದುವೆ ಮನೆಯಲ್ಲಿ ನೆಂಟರ ಗುರುತು ಹೇಳಿದ ಹಾಗೆ. ಬ್ಲಾಗುಗಳ ಹೊಸ ಬರಹಗಳನ್ನ ಒಂದೇ ಕಡೆ ತೋರಿಸುತ್ತಿದ್ದ ಗೂಗಲ್ ರೀಡರ್ 2013ರ ಜುಲೈ 1ಕ್ಕೆ ನಿಂತಿತು. ಆರ್ಕುಟ್ 2014ರ ಸೆಪ್ಟೆಂಬರ್ 30ಕ್ಕೆ. ಅಷ್ಟು ಹೊತ್ತಿಗೆ ಎಲ್ಲರ ಕೈಗೂ ಫೋನ್ ಬಂದಿತ್ತು, ಫೇಸ್‌ಬುಕ್ ಬಂದಿತ್ತು. "ಇಂದು 1 ಇಂಚು 40 ಸೆಂಟ್ಸ್" ಅಂತ ಅಲ್ಲಿ ಹಾಕಿದರೆ ಹತ್ತು ನಿಮಿಷಕ್ಕೆ ಮೂವತ್ತು ಲೈಕು. ಬ್ಲಾಗಿನಲ್ಲಿ ಹಾಕಿದರೆ ಮೂರು ದಿನಕ್ಕೊಂದು ಮಾತು. ನಾನೂ ಮನುಷ್ಯಳೇ.

(ಬೇರೆ ಕಡೆಯವರಿಗೆ ಒಂದು ಮಾತು. ಕಾಫಿ ಸೀಮೆಯಲ್ಲಿ ಈಗಲೂ ಮಳೆ ಲೆಕ್ಕ ಇಂಚು, ಸೆಂಟ್ಸ್‌ನಲ್ಲಿ. ಇಂಚಿಗೆ ನೂರು ಸೆಂಟ್ಸ್. ಮಿಲಿಮೀಟರ್ ಬೇಕಿದ್ದರೆ ಇಂಚನ್ನು 25.4ರಿಂದ ಗುಣಿಸಿ. ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಚದರ ಮೀಟರ್ ನೆಲಕ್ಕೆ ಒಂದು ಲೀಟರ್ ನೀರು.)

ಮಾರ್ಚ್ 9

ಸ್ಪ್ರಿಂಕ್ಲರ್ ಹಾಕಿಯೇಬಿಟ್ಟೆವು. ಅದಿರಲಿ.

ಇಳಿಸಿಕೊಂಡ ಫೈಲಿನಲ್ಲಿ "ಮಾರ್ಚ್" ಅಂತ ಹುಡುಕಿದರೆ 2008, 2009ರ ಬರಹ ಒಂದೂ ಸಿಗಲಿಲ್ಲ. ಕಣ್ಣೆದುರಿಗೆ ಇವೆ, ಹುಡುಕಿದರೆ ಇಲ್ಲ! ಆಮೇಲೆ ಗೊತ್ತಾಯಿತು. ಆಗೆಲ್ಲ ನಾನು ನುಡಿ ತಂತ್ರಾಂಶದಲ್ಲಿ ಟೈಪು ಮಾಡಿ, ಯಾವುದೋ ಕನ್ವರ್ಟರ್‌ಗೆ ಹಾಕಿ ಯೂನಿಕೋಡ್ ಮಾಡಿಕೊಳ್ಳುತ್ತಿದ್ದೆ. ಹಳೆಯ ಫಾಂಟಿನಲ್ಲಿ ಅರ್ಕಾವೊತ್ತು ಅಕ್ಷರದ ಆಚೆ ಕೂರುತ್ತೆ, ಯೂನಿಕೋಡಿನಲ್ಲಿ ಅದರ ರ್ ಮೊದಲು ಬರಬೇಕು. ಸ್ಥಾನ ಪಲ್ಲಟ ಮಾಡದ ಕನ್ವರ್ಟರು ಮಾರ್ಚನ್ನು "ಮಾಚ್ರ್" ಮಾಡಿದೆ, ಸೂರ್ಯ "ಸೂಯರ್" ಆಗಿದ್ದಾನೆ. ಓದೋವಾಗ ಕಣ್ಣು ಹೇಗೋ ಸರಿಮಾಡಿಕೊಂಡು ಹೋಗಿಬಿಡುತ್ತೆ, ಹುಡುಕೋ ಯಂತ್ರಕ್ಕೆ ಆ ಔದಾರ್ಯ ಇಲ್ಲ. ಅಂದರೆ ಹೂಮಳೆ ತಿಂಗಳ ಬರಹಗಳೇ ಇಷ್ಟು ವರ್ಷ ಯಾರಿಗೂ ಸಿಗದ ಹಾಗೆ ಕೂತಿದ್ದವು.

ತಪ್ಪುಗಳ ಒಂದು ಪಟ್ಟಿ ಮಾಡಿಕೊಂಡು ಒಂದೊಂದೇ ಬದಲಿಸುತ್ತಿದ್ದೇನೆ. ಕಣ್ಣುಮುಚ್ಚಿ ಎಲ್ಲ ಕಡೆ ಬದಲಿಸಿದರೆ ಸರಿ ಇದ್ದದ್ದೂ ಕೆಡುತ್ತೆ. "ಬೇರ್" ಅಂತ ಬೇಕಂತಲೇ ಬರೆದದ್ದೂ ಇರುತ್ತಲ್ಲ. ರಾತ್ರಿಗೆ ಐದು ಬರಹ, ಅದಕ್ಕಿಂತ ಹೆಚ್ಚು ಕೂರೋಕಾಗಲ್ಲ.

ಇನ್ನೊಂದು ರಗಳೆ. ಕನ್ನಡದಲ್ಲಿ ತಲೆಬರಹ ಕೊಟ್ಟರೆ ಬ್ಲಾಗರ್ ವಿಳಾಸಕ್ಕೆ ಅದನ್ನ ತೆಗೆದುಕೊಳ್ಳಲ್ಲ. "ಬ್ಲಾಗ್-ಪೋಸ್ಟ್_12" ಅಂತ ಇಂಗ್ಲಿಷಿನಲ್ಲಿ ತಾನೇ ಒಂದು ಹೆಸರಿಡುತ್ತೆ. ವಿಳಾಸ ನೋಡಿ ಒಳಗೇನಿದೆ ಅಂತ ಹೇಳೋದು ಸಾಧ್ಯವೇ ಇಲ್ಲ. ಹೊಸ ಬರಹಗಳಿಗೆ ಈಗ ನಾನೇ ಇಂಗ್ಲಿಷ್ ಅಕ್ಷರದಲ್ಲಿ ಮಳೆ, ವರ್ಷ, ತಿಂಗಳು ಅಂತ ಕೊಡುತ್ತೇನೆ. "ಹೂಮಳೆ" ಅನ್ನೋ ಲೇಬಲ್ಲಿನ ಪುಟವನ್ನ ವಾಟ್ಸಾಪಿಗೆ ಹಾಕಿದರೆ ಐದು ಸಂಕೇತದ ಆ ಪದವೇ ನಲವತ್ತೈದು ಅಕ್ಷರದ ಶೇಕಡಾ ಚಿಹ್ನೆ, ಅಂಕಿಗಳ ಸಾಲಾಗುತ್ತೆ. ಒಂದೊಂದು ಕನ್ನಡ ಸಂಕೇತಕ್ಕೆ ಮೂರು ಬೈಟು, ಒಂದೊಂದು ಬೈಟಿಗೆ ಮೂರು ಅಕ್ಷರ. ನಮ್ಮ ಭಾವ ಅದನ್ನ ನೋಡಿ ವೈರಸ್ ಅಂದುಕೊಂಡು ಅಳಿಸಿದರಂತೆ.

ಮಾರ್ಚ್ 23

ಮಳೆ ಬಂತು. ತೋಟದವರ ಗ್ರೂಪು ಬೆಳಿಗ್ಗೆ ಆರಕ್ಕೇ ಎದ್ದಿದೆ. "ನಮ್ಮಲ್ಲಿ 85 ಸೆಂಟ್ಸ್." "ನಮ್ಮಲ್ಲಿ ಬರೀ 20, ಮೋಡ ಹಾಗೇ ಹೋಯ್ತು." "ಹಾನುಬಾಳು ಕಡೆ ಎಷ್ಟು?" ಇದಕ್ಕಿಂತ ಚೆಂದದ ಓದು ನನಗೆ ಬೇರೆ ಇಲ್ಲ, ನಿಜಕ್ಕೂ. ಅರ್ಧ ಇಂಚಿನ ಕೆಳಗೆ ಬಂದವರ ಮಾತಿನಲ್ಲೇ ಸಂಕಟ ಕಾಣುತ್ತೆ, ಮೊಗ್ಗು ಪೂರ್ತಿ ಅರಳದೆ ಒಣಗುತ್ತಲ್ಲ. ಹೂ ಅರಳಿದ ದಿನವೇ ಮಳೆ ಹುಯ್ದರೆ ಅದೂ ಕಷ್ಟ, ರೊಬಸ್ಟಾಕ್ಕೆ ಗಾಳಿ, ಜೇನು ಬೇರೆ ಗಿಡದ ಪರಾಗ ತರಬೇಕು.

ಮಧ್ಯಾಹ್ನಕ್ಕೆ ಈ ಅಂಕಿಗಳ ಮೇಲೆ ಒಂದು ಗೃಹಪ್ರವೇಶದ ಕರೆಯೋಲೆ, ಮೆಣಸಿನ ರೇಟು, ಮೂರು ಭಕ್ತಿಗೀತೆ ಬಂದು ಕೂತವು.

ಇವತ್ತಿನಿಂದ ಕ್ರಮ ತಿರುಗಿಸಿದ್ದೇನೆ. ಮೊದಲು ಬ್ಲಾಗಿನಲ್ಲಿ ಒಂದು ಸಾಲು, ಆಮೇಲೆ ಅದರ ಕೊಂಡಿಯ ಜೊತೆ ಗ್ರೂಪಿಗೆ. ಅಂಕಿಯನ್ನ ಗ್ರೂಪಿನಲ್ಲಿ ಹಾಗೇ ಹಾಕುತ್ತೇನೆ, ಕೊಂಡಿ ಒತ್ತಿದರೇನೇ ಅಂಕಿ ಅನ್ನೋ ಬಿಗುಮಾನ ಬೇಡ. ಒತ್ತೋರು ನಾಲ್ಕೈದು ಜನ. ಸಾಕು. ಉಳಿದವರ ಅಂಕಿಯನ್ನೂ ಹಾಕಲಾ ಅಂತ ಕೇಳಿದೆ. ಹೆಚ್ಚಿನವರು ಹೂಂ ಅಂದರು. ಒಬ್ಬರು ಮಾತ್ರ "ನಮ್ಮ ತೋಟದ ಲೆಕ್ಕ ಲೋಕಕ್ಕೆಲ್ಲ ಯಾಕಮ್ಮ" ಅಂದರು. ಅವರದ್ದು ಬಿಟ್ಟಿದ್ದೇನೆ.

ಏಪ್ರಿಲ್ 20

ಕಾಣೆಯಾದ ವರ್ಷಗಳ ಬೇಟೆ ಶುರು.

ನಾನು ಆಗ ಬರೆಯುತ್ತಿದ್ದ ಜಾಲತಾಣದಿಂದ ನನ್ನದೆಲ್ಲವನ್ನೂ ಇಳಿಸಿಕೊಳ್ಳೋ ಅವಕಾಶ ಇದೆ. ಕೇಳಿ ಎರಡು ದಿನಕ್ಕೆ ಬಂತು. ಮೊದಲ ಸಲ ಯಂತ್ರ ಓದೋ ರೂಪದಲ್ಲಿ ತೆಗೆದುಕೊಂಡೆ, ಕನ್ನಡವೆಲ್ಲ ಚಿತ್ರಾನ್ನ ಆಗಿತ್ತು. ಮಗಳು ಬೆಂಗಳೂರಿನಿಂದ ಫೋನಲ್ಲೇ "ಅಮ್ಮಾ, ಎಚ್‌ಟಿಎಂಎಲ್ ಅಂತ ಇದೆ ನೋಡು, ಅದನ್ನ ತಗೋ" ಅಂದಳು. ಅದು ಸರಿಯಾಗಿ ಬಂತು.

ಬಂದದ್ದರಲ್ಲಿ ಮಳೆ ಎಷ್ಟು ಗೊತ್ತಾ? ಅಂಕಿ ಬರೆದ ಸಾಲುಗಳು ಕಡಿಮೆ. ಹೆಚ್ಚಿನವು ಅಳತೆ ಪಾತ್ರೆಯ ಫೋಟೋಗಳು, ಮೇಲೆ "ಅಬ್ಬಾ ಮಳೆಯೇ" ಅಂತ ಒಂದು ಉದ್ಗಾರ. ಲೈಕು ಬರೋದು ಫೋಟೋಗೆ ತಾನೇ. 2018ರ ಆಗಸ್ಟ್, ಕೊಡಗಿನಲ್ಲಿ ಗುಡ್ಡ ಜಾರಿದ ಆ ದಿನಗಳಲ್ಲಿ ನಮ್ಮಲ್ಲೂ ಆಕಾಶ ಹರಿದಿತ್ತು. ಮಾವನವರ ಮಳೆ ಲೆಕ್ಕದ ಪುಸ್ತಕ 1971ರಿಂದ 2013ರವರೆಗೆ ಒಂದು ದಿನ ಬಿಡದೆ ಇದೆ. ನನ್ನ ಕಾಲದ ದೊಡ್ಡ ಮಳೆಗೆ ನನ್ನ ಹತ್ತಿರ ಇರೋದು "ಅಬ್ಬಾ". ಆ ತಿಂಗಳ ಫೋಟೋಗಳನ್ನ ದೊಡ್ಡದು ಮಾಡಿ ಗಾಜಿನ ಗೆರೆ ಎಣಿಸಿದೆ. ಹದಿನೆಂಟು ಫೋಟೋಗಳಲ್ಲಿ ಹನ್ನೊಂದು ಓದೋಕಾಯಿತು. ಒಂದರಲ್ಲಿ ಗೆರೆ ಇರೋ ಜಾಗಕ್ಕೆ ಸರಿಯಾಗಿ ನನ್ನ ಹೆಬ್ಬೆರಳಿದೆ.

ವಾಟ್ಸಾಪಿನದ್ದು ಇನ್ನೊಂದು ಕಥೆ. ನನ್ನ ಹಳೇ ಫೋನು 2017ರಲ್ಲಿ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ತೊಟ್ಟಿಗೆ ಬಿದ್ದು ಸತ್ತಿತು, ಬ್ಯಾಕಪ್ ಇರಲಿಲ್ಲ. ವೈರಸ್ ಅಂದಿದ್ದ ಭಾವನ ಫೋನಿನಲ್ಲಿ ಗ್ರೂಪು ಹಾಗೇ ಇತ್ತು. ಎಕ್ಸ್‌ಪೋರ್ಟ್ ಮಾಡಿ ಕಳಿಸಿದರು. ಒಂದು ಮಳೆ ಅಂಕಿಗೆ ಇಪ್ಪತ್ತು ಶುಭೋದಯ ದಾಟಬೇಕು. ದಾಟುತ್ತಿದ್ದೇನೆ.

ಮೇ 25

ನಿನ್ನೆಯೇ ಮುಂಗಾರು ಕೇರಳಕ್ಕೆ ಬಂತಂತೆ. ವಾಡಿಕೆ ಜೂನ್ 1. 2009ರ ನಂತರ ಇಷ್ಟು ಬೇಗ ಬಂದದ್ದು ಇದೇ ಅಂತ ಸುದ್ದಿ. 2009 ನನ್ನ ಬ್ಲಾಗಿನಲ್ಲಿ ಇದೆ ಅಂತ ಸ್ವಲ್ಪ ಹೆಮ್ಮೆಯಾಯಿತು.

ರಜಕ್ಕೆ ಬಂದ ಮಗಳು ಒಂದು ರೀಲ್ ಮಾಡಿದಳು: ನಾನು ರೇನ್‌ಗೇಜಿನಿಂದ ನೀರು ಸುರಿಯೋದು, ಹಿಂದೆ ಮಂಜು, ಮೇಲೆ ಹಾಡು. ಒಂದು ವಾರದಲ್ಲಿ ನೋಡಿದವರು ಬ್ಲಾಗಿನ ಹದಿನೇಳು ವರ್ಷದ ಓದುಗರಿಗಿಂತ ಹೆಚ್ಚು. ಕೇಳಿದ ಪ್ರಶ್ನೆ: "ಮೇಡಂ ಹೋಂಸ್ಟೇ ಇದೆಯಾ?" "ಕಾಫಿ ಪುಡಿ ಕಳಿಸ್ತೀರಾ?" ಎಷ್ಟು ಇಂಚು ಅಂತ ಒಬ್ಬರೂ ಕೇಳಲಿಲ್ಲ. ಮಗಳಿಗೆ ಬೇಜಾರು, ನನಗೆ ನಗು. ರೀಲಿನ ಮೇಲೆ ನನಗೇನೂ ಸಿಟ್ಟಿಲ್ಲ. ಪುಡಿ ಮಾರೋ ಯೋಚನೆ ಬಂದರೆ ಅದನ್ನೇ ಮಾಡುತ್ತೇನೆ.

ಬ್ಲಾಗಿಗೆ ಬರೋರು ಬೇರೆ ಜಾತಿ. ಹುಡುಕಿ ಬರೋರು. ಪ್ರತಿ ಜೂನಿನಲ್ಲಿ ಮೇಲೇಳೋದು 2011ರ ಒಂದು ಬರಹ, ಮಳೆ ನಕ್ಷತ್ರಗಳ ಪಟ್ಟಿ. ಮೃಗಶಿರಾ ಜೂನ್ 8ರ ಸುಮಾರಿಗೆ, ಆರಿದ್ರಾ 22ಕ್ಕೆ, ಪುನರ್ವಸು ಜುಲೈ 6ಕ್ಕೆ, ಪುಷ್ಯ 20ಕ್ಕೆ, ಹೀಗೆ. ಸೂರ್ಯ ಇಪ್ಪತ್ತೇಳು ನಕ್ಷತ್ರ ಸುತ್ತೋಕೆ ಒಂದು ವರ್ಷ, ಆದ್ದರಿಂದ ಒಂದೊಂದಕ್ಕೆ ಹದಿಮೂರು ಹದಿನಾಲ್ಕು ದಿನ. ಮಾವನವರು ಹೇಳಿ ಬರೆಸಿದ್ದು. ಬರೆದ ವಾರ ಯಾರೂ ಓದಿರಲಿಲ್ಲ.

ಜುಲೈ 27

ಮಳೆ ಜೋರು, ಕರೆಂಟಿಲ್ಲ, ಕೆಲಸ ಸಾಗಿಲ್ಲ. ಒಂದು ತಮಾಷೆ ಮಾತ್ರ ಬರೆಯುತ್ತೇನೆ.

ನಾದಿನಿ ಮನೆಯವರ ಗ್ರೂಪಿಗೆ ಒಂದು ಉದ್ದ ಬರಹ ಹಾಕಿ, "ಅತ್ತಿಗೆ, ಎಷ್ಟು ಚೆನ್ನಾಗಿ ಬರೆದಿದ್ದಾರೆ ಓದಿ" ಅಂದಳು. ಓದಿದೆ. 2019ರ ಆಗಸ್ಟ್ ಮಳೆಯ ಬಗ್ಗೆ ನಾನೇ ಬರೆದದ್ದು! ಕೊನೆಯಲ್ಲಿ "ಕೃಪೆ: ವಾಟ್ಸಾಪ್". ಊರು ಸಕಲೇಶಪುರ ಹೋಗಿ ಮಡಿಕೇರಿ ಆಗಿದೆ, ವರ್ಷ ಹಾರಿಹೋಗಿದೆ, 9 ಇಂಚು 19 ಆಗಿದೆ. ಹೆಸರು ಹೋದದ್ದಕ್ಕೆ ಅಷ್ಟೇನೂ ಅನ್ನಿಸಲಿಲ್ಲ. ಆ 19 ಮಾತ್ರ ಎರಡು ದಿನ ನಿದ್ದೆ ಕೆಡಿಸಿತು. ಬ್ಲಾಗಿನ ಕೊಂಡಿ ಕಳಿಸಿದೆ. "ಓ, ನೀವೇನಾ? ಆದ್ರೆ ಇದರಲ್ಲಿ ಮಳೆ ಕಮ್ಮಿ ಇದೆಯಲ್ಲ ಅತ್ತಿಗೆ" ಅಂದಳು.

ಆಗಸ್ಟ್ 31

ಹುಬ್ಬೆ ಮಳೆ ಶುರುವಾಗಿದೆ. ದೊಡ್ಡ ಸುದ್ದಿ: ಕ್ಯಾಲೆಂಡರ್!

ಮನೆಯ ಅಡುಗೆಕೋಣೆಯ ಗೋಡೆಯಲ್ಲಿ ತೂಗೋ ಕ್ಯಾಲೆಂಡರಿನ ಚೌಕಗಳಲ್ಲಿ ಅತ್ತೆಯವರು ಹಾಲಿನ ಲೆಕ್ಕ, ಆಳುಗಳ ಲೆಕ್ಕದ ಜೊತೆ ಮಳೆಯನ್ನೂ ಬರೆಯುತ್ತಿದ್ದರು. ನಾನು ಪಾತ್ರೆ ಹಿಡಿದುಕೊಂಡು ಒಳಗೆ ಬರುತ್ತಾ ಕೂಗಿ ಹೇಳಿದ್ದನ್ನ ಅವರು ಪೆನ್ಸಿಲಿನಲ್ಲಿ ಗೀಚಿಡೋರು. ನನಗೆ ಅದರ ನೆನಪೇ ಇರಲಿಲ್ಲ. ಅಟ್ಟದಲ್ಲಿ ಹಳೇ ಗೋಣಿಚೀಲ ತೆಗೆಯೋಕೆ ಹೋದಾಗ ಸುರುಳಿ ಸುತ್ತಿದ ಕಟ್ಟು ಸಿಕ್ಕಿತು. 2014, 15, 17, 18. 2016ರದ್ದು ಇಲ್ಲ. ಇಲಿ ಒಂದು ಮೂಲೆ ಮಾತ್ರ ತಿಂದಿದೆ.

ಫೋಟೋದಿಂದ ಓದಿದ ಹನ್ನೊಂದು ಅಂಕಿಯನ್ನ ಅತ್ತೆಯವರ 2018ರ ಆಗಸ್ಟ್ ಪುಟಕ್ಕೆ ತಾಳೆ ನೋಡಿದೆ. ಒಂಬತ್ತು ಸರಿಯಾಗಿ ಕೂತವು. ಉಳಿದೆರಡರಲ್ಲಿ ತಪ್ಪು ನನ್ನದೇ, ಗೆರೆ ಎಣಿಸಿದ್ದರಲ್ಲಿ. ಹೆಬ್ಬೆರಳಿನ ದಿನಕ್ಕೆ ಅವರು 6.15 ಅಂತ ಬರೆದು ಪಕ್ಕದಲ್ಲಿ "ಹಾಲು ಬಂದಿಲ್ಲ" ಅಂದಿದ್ದಾರೆ. ಅದನ್ನೂ ಬ್ಲಾಗಿಗೆ ಹಾಗೇ ಏರಿಸಿದೆ.

ಅತ್ತೆಯವರಿಗೆ ಈಗ ಎಂಬತ್ತೆರಡು. ಫೋನಿನಲ್ಲಿ ತೋರಿಸಿದೆ. "ನನ್ನ ಹಾಲಿನ ಲೆಕ್ಕ ಎಲ್ಲರಿಗೂ ಕಾಣುತ್ತಾ?" ಅಂತ ಕೇಳಿದರು, ಸ್ವಲ್ಪ ಗಾಬರಿಯಲ್ಲೇ.

ಅಕ್ಟೋಬರ್ 5

ಹಸ್ತಾ ಮಳೆಯಲ್ಲಿ ಬಿಸಿಲು. ಲೆಕ್ಕ ಹೀಗಿದೆ. 2014, 2015 ಪೂರ್ತಿ ಏರಿಸಿದ್ದಾಯಿತು. 2017ರಲ್ಲಿ ಮೂರು ವಾರ ಖಾಲಿ, ನಾವು ಊರಲ್ಲಿರಲಿಲ್ಲ. 2018 ಮುಗಿಯುತ್ತಾ ಬಂತು. ಅಂದಾಜು ಮಾಡಿ ತುಂಬಿಸಿಲ್ಲ, ಖಾಲಿ ಇದ್ದದ್ದು ಖಾಲಿ. ಅಂಕಿ ಎಲ್ಲಿಂದ ಬಂತು ಅಂತ ಪ್ರತಿಯೊಂದರ ಮುಂದೆ ಕ, ಫೋ, ವಾ ಅಂತ ಗುರುತು ಹಾಕಿದ್ದೇನೆ: ಕ್ಯಾಲೆಂಡರ್, ಫೋಟೋ, ವಾಟ್ಸಾಪ್. "ಮಾಚ್ರ್" ಎಲ್ಲ ಮಾರ್ಚ್ ಆಗಿದೆ. ಬ್ಯಾಕಪ್ ಪ್ರತಿ ತಿಂಗಳ ಮೊದಲ ಭಾನುವಾರ, ಒಂದು ಪೆನ್‌ಡ್ರೈವಿಗೆ, ಒಂದು ಮಗಳಿಗೆ.

2016ರ ಕ್ಯಾಲೆಂಡರ್ ಸುರುಳಿಯಲ್ಲಿ ಇರಲಿಲ್ಲ ಅಂದೆನಲ್ಲ. ನಿನ್ನೆ ಸಿಕ್ಕಿತು, ಟ್ರಂಕಿನ ತಳಕ್ಕೆ ಹಾಸಿದ್ದರು. ಹನ್ನೊಂದು ಪುಟ ಇದೆ. ಆಗಸ್ಟ್ ಹಾಳೆ ಇಲ್ಲ. ಗೌರಿ ಹಬ್ಬದ ಹೊತ್ತಿಗೆ ಕಜ್ಜಾಯದ ಎಣ್ಣೆ ಹೀರಲಿ ಅಂತ ಹರಿದು ತಟ್ಟೆಗೆ ಹಾಸಿದ್ದು ನಾನೇ ಅಂತೆ. ಅತ್ತೆಯವರಿಗೆ ಚೆನ್ನಾಗಿ ನೆನಪಿದೆ.