ಎಸ್ಟಿಮೇಟ್‌ನಲ್ಲಿ ನೀರೇ ಇರಲಿಲ್ಲ

ಪಾರ್ಕ್ ಕೆಲಸ ಹಿಡಿಯುವ ಕಂಟ್ರಾಕ್ಟರ್ ಒಬ್ಬರ ಹತ್ತಿರ ಎಸ್ಟಿಮೇಟ್ ಬರೆಯುವುದು ನನ್ನ ಕೆಲಸ. ಮೈಸೂರಿನ ರಿಂಗ್ ರೋಡ್ ಆಚೆಯ ಲೇಔಟ್ ಒಂದರ ಅರ್ಧ ಎಕರೆ ಪಾರ್ಕ್ ನನಗೆ ಈ ಕೆಲಸ ಕಲಿಸಿತು. ಮಾನ ಕಳೆದು ಕಲಿಸಿತು ಅನ್ನಿ.

ಮೊದಲ ಸಲ ಹೋದಾಗ ಅಲ್ಲಿ ಸೊಂಟದೆತ್ತರ ಪಾರ್ಥೇನಿಯಂ. ಮುರಿದ ಜಾರುಬಂಡಿ, ಮೂಲೆಯಲ್ಲಿ ಯಾರೋ ಮನೆ ಕಟ್ಟಿ ಉಳಿಸಿದ ಜಲ್ಲಿ ರಾಶಿ. ಲೇಔಟ್ ಮಾಡಿದವರು ಸೈಟು ಮಾರಿಕೊಂಡು ಹೋಗಿದ್ದರು. ಪಾಲಿಕೆಗೆ ಇನ್ನೂ ಹಸ್ತಾಂತರ ಆಗಿರಲಿಲ್ಲ. ಹಾಗಾಗಿ ಕಸ ಗುಡಿಸುವ ದುಡ್ಡು ಕೂಡ ಯಾರ ಲೆಕ್ಕದಲ್ಲೂ ಇರಲಿಲ್ಲ.

ನಿವಾಸಿಗಳ ಸಂಘದವರು ಓಡಾಡಿ ಒಂದು ಕಾರ್ಖಾನೆಯಿಂದ ಸಿಎಸ್‌ಆರ್ ದುಡ್ಡು, ಅಂದರೆ ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ದುಡ್ಡು ತಂದರು. 2013ರ ಕಂಪನಿ ಕಾಯ್ದೆ ಪ್ರಕಾರ ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷದ ಸರಾಸರಿ ಲಾಭದಲ್ಲಿ 2% ಇಂಥ ಕೆಲಸಗಳಿಗೆ ಖರ್ಚು ಮಾಡಬೇಕು. ಕೊಡುವವರಿಗೆ ಕಣ್ಣಿಗೆ ಕಾಣುವಂಥದ್ದು ಬೇಕು, ತಪ್ಪೇನಿಲ್ಲ. ನಾನೂ ಅದನ್ನೇ ಬರೆದೆ. ವಾಕಿಂಗ್ ಪಾತ್, ಜಿಮ್ ಸಲಕರಣೆ, ಕಮಾನು, ಒಂದು ಸಾವಿರ ಚದರ ಮೀಟರ್ ಮೆಕ್ಸಿಕನ್ ಲಾನ್. ಜನವರಿಯಲ್ಲಿ ಟೇಪು ಕತ್ತರಿಸಿದರು, ಮೈಸೂರು ಪಾಕ್ ಹಂಚಿದರು.

ಏಪ್ರಿಲ್‌ಗೆ ಲಾನ್ ಚಾಪೆಯ ಬಣ್ಣಕ್ಕೆ ತಿರುಗಿತ್ತು.

ಲೆಕ್ಕ ಬಹಳ ಸುಲಭ, ನಾನು ಹಾಕಿರಲಿಲ್ಲ ಅಷ್ಟೇ. ಬೇಸಿಗೆಯಲ್ಲಿ ಲಾನ್‌ಗೆ ದಿನಕ್ಕೆ ಹೆಚ್ಚುಕಮ್ಮಿ 5 ಮಿಲಿಮೀಟರ್ ನೀರು ಬೇಕು. ಅಂದರೆ ಚದರ ಮೀಟರಿಗೆ 5 ಲೀಟರ್. ಸಾವಿರ ಚದರ ಮೀಟರಿಗೆ 5,000 ಲೀಟರ್, ದಿನಾ ಒಂದು ಟ್ಯಾಂಕರ್! ಬೋರ್‌ವೆಲ್ ಇತ್ತು, ನಿಜ. ಆದರೆ ಕರೆಂಟ್ ಮೀಟರ್ ಇದ್ದದ್ದು ಊರು ಬಿಟ್ಟ ಲೇಔಟ್ ಮಾಲೀಕರ ಹೆಸರಲ್ಲಿ. ಬಿಲ್ಲು ಯಾರೂ ಕಟ್ಟಲಿಲ್ಲ, ಲೈನ್‌ಮನ್ ಬಂದು ಫ್ಯೂಸ್ ಕಿತ್ತುಕೊಂಡು ಹೋದ. ನಮ್ಮ ಮಾಲಿ ಪೈಪು ಸುತ್ತಿಡುತ್ತಾ ಹೇಳಿದ ಮಾತು ಇನ್ನೂ ಕಿವಿಯಲ್ಲಿದೆ: "ಇದು ಹುಲ್ಲಲ್ಲ ಸಾರ್, ಗೊಡ್ಡೆಮ್ಮೆ. ದಿನಾ ಕುಡೀತದೆ, ಕರೆಯಾಕೆ ಏನೂ ಇಲ್ಲ."

ಸರ್ಕಾರದ ದುಡ್ಡಿನ ಕಥೆಯೂ ಬೇರೆಯಲ್ಲ. ನಗರಗಳಿಗಾಗಿ ಕೇಂದ್ರ 2015ರಲ್ಲಿ ತಂದ ಅಮೃತ್ ಯೋಜನೆಯ ದುಡ್ಡಿನಲ್ಲಿ ಪಾರ್ಕ್‌ಗಳಿಗೆ ಅಂತ ಇದ್ದದ್ದು ಹೆಚ್ಚೆಂದರೆ 2.5%, ಅದೂ ಅಭಿವೃದ್ಧಿಗೆ. ಮೈಸೂರು, ಮಂಡ್ಯದಂಥ ಊರಿಗೆ 2021ರಿಂದ 2026ರವರೆಗಿನ 15ನೇ ಹಣಕಾಸು ಆಯೋಗದ ಅನುದಾನದಲ್ಲಿ 60% ಕುಡಿಯುವ ನೀರು, ನೈರ್ಮಲ್ಯಕ್ಕೇ ಮೀಸಲಿತ್ತು. ಉಳಿದದ್ದರಲ್ಲಿ ರಸ್ತೆ, ಚರಂಡಿ ಎಲ್ಲ ಆಗಿ ಪಾರ್ಕ್ ಸರದಿ ಬರಬೇಕಿತ್ತು. ಕಟ್ಟುವುದಕ್ಕೆ ಅಲ್ಲಿಂದ ಇಲ್ಲಿಂದ ಹೇಗೋ ದುಡ್ಡು ಹುಟ್ಟುತ್ತದೆ. ಆಮೇಲೆ ತಿಂಗಳು ತಿಂಗಳು ಮಾಲಿಗೆ ಸಂಬಳ ಕೊಡುವ ಯೋಜನೆಯನ್ನು ನಾನಂತೂ ಕಂಡಿಲ್ಲ.

ಮನೆಗೆ 200 ರೂಪಾಯಿ ಹಾಕಿ ಅಂತ ಸಂಘದವರಿಗೆ ಹೇಳಿದೆ. ಮೊದಲ ತಿಂಗಳು 60 ಮನೆಯವರು ಕೊಟ್ಟರು. ಮೂರನೇ ತಿಂಗಳಿಗೆ 20 ಮನೆ ಉಳಿಯಿತು. ಆ 20 ಮನೆಯವರಿಗೆ ಒಂದು ಯೋಚನೆ ಬಂತು. ದುಡ್ಡು ಕೊಡುವವರು ನಾವು, ಪಕ್ಕದ ಬೀದಿ ಹುಡುಗರು ಯಾಕೆ ಬಂದು ಕ್ರಿಕೆಟ್ ಆಡಬೇಕು? ಗೇಟಿಗೆ ಬೀಗ ಬಿತ್ತು. ಹುಡುಗರು ಕಾಂಪೌಂಡ್ ಹಾರಿದರು, ಹಾರುವಾಗ ಕಂಬಿ ಬಗ್ಗಿತು. ಸಾರ್ವಜನಿಕ ಪಾರ್ಕಿಗೆ ಬೀಗ ಹಾಕುವುದು ನನಗಂತೂ ಒಪ್ಪಿಗೆಯಾಗಲಿಲ್ಲ. ಆದರೆ ದುಡ್ಡು ಕೇಳಿದವನು ನಾನೇ ಅಲ್ವಾ, ಏನು ಹೇಳಲಿ? ಸುಮ್ನಾದೆ.

ಮಾರನೇ ವರ್ಷ ಅದೇ ಕಾರ್ಖಾನೆಯವರು ಮಕ್ಕಳಿಗೆ ಇನ್ನಷ್ಟು ಆಟದ ಸಾಮಾನು ಕೊಡ್ತೀವಿ ಅಂದರು. ಅದರ ಬದಲು ಮಾಲಿ ಸಂಬಳ, ಕರೆಂಟ್ ಬಿಲ್ಲು ಕೊಡ್ತೀರಾ ಅಂತ ಹೆದರುತ್ತಲೇ ಕೇಳಿದೆ. ಸಿಎಸ್‌ಆರ್‌ನಲ್ಲಿ 'ಮುಂದುವರಿಯುವ ಯೋಜನೆ' ಅಂತ ತೋರಿಸಿದರೆ, ಶುರುವಾದ ವರ್ಷ ಬಿಟ್ಟು ಮತ್ತೆ ಮೂರು ವರ್ಷದವರೆಗೆ ಖರ್ಚು ಮಾಡಬಹುದಂತೆ. ಅವರ ಲೆಕ್ಕಪತ್ರ ನೋಡುವ ಮೇಡಂ ಹೇಳುವವರೆಗೂ ನನಗೆ ಇದು ಗೊತ್ತೇ ಇರಲಿಲ್ಲ.

ಮೀಟರ್ ಸಂಘದ ಹೆಸರಿಗೆ ಬಂತು. ಅದಕ್ಕೇ ನಾಲ್ಕು ತಿಂಗಳು ಹಿಡಿಯಿತು. ಲಾನ್ ಗೇಟಿನ ಹತ್ತಿರ ಒಂದು ಪಟ್ಟಿಯಷ್ಟು ಮಾತ್ರ ಉಳಿಯಿತು. ಉಳಿದ ಕಡೆ ಮೃಗಶಿರ ಮಳೆ ಬಿದ್ದ ಮೇಲೆ ಹೊಂಗೆ, ನೇರಳೆ, ಬೇವು ಹಾಕಿಸಿದೆವು. ತರಗೆಲೆ ಸುಡುವುದು ನಿಲ್ಲಿಸಿ ಪಾತಿಗೆ ಹೊದಿಸಿದೆವು. ಗಿಡಕ್ಕೆ ವಾರಕ್ಕೆ ಎರಡು ಸಲ ಬಿಂದಿಗೆ ನೀರು ಸಾಕಾಯಿತು. ಎರಡು ಮೂರು ಬೇಸಿಗೆ ದಾಟಿಸಿದರೆ ಆಮೇಲೆ ಅವು ನಮ್ಮನ್ನು ಕೇಳುವುದಿಲ್ಲ. ಮಾಲಿ ಬೆಳಿಗ್ಗೆ ಇಲ್ಲಿ, ಮಧ್ಯಾಹ್ನ ಪಕ್ಕದ ಲೇಔಟ್‌ನ ಪಾರ್ಕಿನಲ್ಲಿ. ಸಂಬಳ ಎರಡೂ ಕಡೆಗೆ ಹಂಚಿಕೆ.

ಈಗ ಎಸ್ಟಿಮೇಟ್‌ನ ಮೊದಲ ಸಾಲಿನಲ್ಲಿ ನೀರು, ಎರಡನೇ ಸಾಲಿನಲ್ಲಿ ಮಾಲಿ ಅಂತ ಬರೆಯುತ್ತೇನೆ. ಕಮಾನು ಎಲ್ಲಿ ಅಂತ ಕೇಳುವವರು ಇದ್ದೇ ಇರುತ್ತಾರೆ. ಎರಡು ಕೆಲಸ ಅದರಿಂದಲೇ ಕೈತಪ್ಪಿತು, ನಮ್ಮ ಕಂಟ್ರಾಕ್ಟರ್ ಸಾಹುಕಾರರು ಇನ್ನೂ ಮುನಿಸಿಕೊಂಡಿದ್ದಾರೆ.

ಗೇಟಿನ ಬೀಗದ ಕೈ ಈಗ ಮೂಲೆಯ ಇಸ್ತ್ರಿ ಗಾಡಿಯ ಮೊಳೆಯಲ್ಲಿ ನೇತಾಡುತ್ತದೆ. ಬೆಳಿಗ್ಗೆ ಆರಕ್ಕೆ ಅವರೇ ತೆಗೆಯುತ್ತಾರೆ. ಕ್ರಿಕೆಟ್ ಜಗಳ ಮಾತ್ರ ಮುಗಿದಿಲ್ಲ.